ಋಣಭಾರವಿಲ್ಲದ ನೆಲ ಎಲ್ಲಿದೆ?



ರಾಜ್ಯೋತ್ಸವದ ಈ ಸಂಜೆ ಹಾಡು, ನಾಟಕಗಳ ನಡುವೆ ಭೂಸ್ವಾಧೀನದಂತಹ ಒಣ ವಿಷಯವೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನಾಡು ಎಂದರೆ ನುಡಿ ಹೇಗೋ ಹಾಗೆಯೇ ನೆಲವೂ ಹೌದಷ್ಟೆ. ನುಡಿಯ ಬಗ್ಗೆ ನಾವು ಪ್ರತಿವರ್ಷವೂ ಮಾತನಾಡುತ್ತೇವೆ. ಈ ಬಾರಿ ನೆಲದ ಬಗ್ಗೆ ಸ್ವಲ್ಪ ಯೋಚಿಸೋಣ ಎಂಬುದು ನಮ್ಮ ಅರಿಕೆ.

ಬೆಂಗಳೂರಿನಲ್ಲಿ ನಿವೇಶನ ಕೊಂಡ ಪ್ರತಿಯೊಬ್ಬರಿಗೂ ಒಂದು ಕಾಗದದ ಪರಿಚಯವಿದೆ. ಆಡುಮಾತಿನಲ್ಲಿ ಅದು ಇ.ಸಿ.; ಕನ್ನಡದಲ್ಲಿ ಋಣಭಾರ ಪ್ರಮಾಣಪತ್ರ. ಆ ನೆಲದ ಮೇಲೆ ಯಾರ ಸಾಲವೂ ಇಲ್ಲ, ಅಡಮಾನವೂ ಇಲ್ಲ ಎಂದು ನೋಂದಣಿ ಕಚೇರಿ ಕೊಡುವ ಭರವಸೆ ಅದು. ಅದನ್ನು ಕೈಗೆ ಪಡೆದ ದಿನ ನಾವು ನೆಮ್ಮದಿಯಿಂದ ನಿದ್ರಿಸುತ್ತೇವೆ. ಆದರೆ 'ಋಣ' ಎಂಬ ಪದಕ್ಕೆ ನಮ್ಮ ಮನೆಗಳಲ್ಲಿ ಅದಕ್ಕಿಂತ ದೊಡ್ಡ ಅರ್ಥವಿದೆ. ಅನ್ನದ ಋಣ, ನೀರಿನ ಋಣ, ಹುಟ್ಟಿದ ಮಣ್ಣಿನ ಋಣ ಎಂದೆಲ್ಲ ಹೇಳುತ್ತ ಬೆಳೆದವರು ನಾವು. ಕಚೇರಿಯ ಋಣಕ್ಕೂ ಮನೆಯ ಋಣಕ್ಕೂ ನಡುವೆ ಇರುವ ಅಂತರವೇ ಇಂದಿನ ಮಾತಿನ ವಿಷಯ.

ಮೊದಲು ನಾವು ಕುಳಿತಿರುವ ಈ ಮೆಲ್ಬರ್ನ್ ನಗರದಿಂದಲೇ ಆರಂಭಿಸೋಣ. 1997ರಲ್ಲಿ ತೆರೆಕಂಡ 'ದಿ ಕ್ಯಾಸಲ್' ಎಂಬ ಚಲನಚಿತ್ರವನ್ನು ನಮ್ಮ ಮಕ್ಕಳಲ್ಲಿ ಹಲವರು ಶಾಲೆಯಲ್ಲೋ ಮನೆಯಲ್ಲೋ ನೋಡಿ ನಕ್ಕಿದ್ದಾರೆ. ಇಲ್ಲಿಯ ವಿಮಾನನಿಲ್ದಾಣದ ಮಗ್ಗುಲಲ್ಲಿ ಒಂದು ಸಾಮಾನ್ಯ ಸಂಸಾರ. ಮನೆ ಬಿಟ್ಟು ಹೋಗಿ, ಹಣ ಕೊಡುತ್ತೇವೆ ಎಂದು ನೋಟಿಸು ಬರುತ್ತದೆ. ಯಜಮಾನ ಒಪ್ಪುವುದಿಲ್ಲ. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗುತ್ತದೆ. ಈ ದೇಶದ ಸಂವಿಧಾನದ 51ನೆಯ ವಿಧಿಯ ಪ್ರಕಾರ ಕೇಂದ್ರ ಸರ್ಕಾರವು ಆಸ್ತಿಯನ್ನು ವಶಪಡಿಸಿಕೊಳ್ಳಬೇಕಾದರೆ ಅದು ನ್ಯಾಯಯುತ ಷರತ್ತುಗಳ ಮೇಲೆಯೇ ಆಗಬೇಕು. ಚಿತ್ರದ ಕಥೆ ಆ ಮಾತಿನ ಮೇಲೆ ನಿಂತಿದೆ. ಆದರೆ ಆ ಸಂಸಾರಕ್ಕೆ ಒಂದು ಅನುಕೂಲವಿತ್ತು: ಮನೆ ಅವರ ಹೆಸರಿನಲ್ಲಿತ್ತು, ಪತ್ರವಿತ್ತು. ಪತ್ರವೇ ಇಲ್ಲದವರ ಗತಿಯೇನು?

1835ರಲ್ಲಿ ಜಾನ್ ಬ್ಯಾಟ್‌ಮನ್ ಎಂಬವನು ಈ ಪ್ರದೇಶದ ವುರುಂಡ್ಜೆರಿ ಹಿರಿಯರೊಡನೆ ಒಪ್ಪಂದ ಮಾಡಿಕೊಂಡುದಾಗಿ ಹೇಳಿದನು. ಕಂಬಳಿ, ಚಾಕು, ಕೊಡಲಿ, ಕನ್ನಡಿ, ಹಿಟ್ಟು ಮೊದಲಾದವುಗಳಿಗೆ ಪ್ರತಿಯಾಗಿ ಸುಮಾರು ಆರು ಲಕ್ಷ ಎಕರೆ ನೆಲ. ಅದು ಅನ್ಯಾಯದ ವ್ಯಾಪಾರವೆಂಬುದರಲ್ಲಿ ಸಂದೇಹವಿಲ್ಲ. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಗವರ್ನರ್ ಬರ್ಕ್ ಅದನ್ನು ಅಸಿಂಧುವೆಂದು ಸಾರಿದನು. ಆದರೆ ವ್ಯಾಪಾರ ಅನ್ಯಾಯದ್ದಾಗಿತ್ತು ಎಂಬುದು ಅದಕ್ಕೆ ಕಾರಣವಲ್ಲ; ಈ ನೆಲ ಬ್ರಿಟಿಷ್ ಅರಸೊತ್ತಿಗೆಗೆ ಸೇರಿದ್ದು, ಮೂಲನಿವಾಸಿಗಳಿಗೆ ಅದನ್ನು ಮಾರುವ ಅಧಿಕಾರವೇ ಇಲ್ಲ ಎಂಬುದು ಕಾರಣ. ಯಾರನ್ನು ಮೋಸಗೊಳಿಸಲಾಗಿತ್ತೋ ಅವರು ಒಡೆಯರೇ ಅಲ್ಲವೆಂದಾಯಿತು. ಇಂದು ಸಭೆಗಳ ಮೊದಲಿನಲ್ಲಿ ಈ ನೆಲದ ಮೂಲ ಒಡೆಯರನ್ನು ಸ್ಮರಿಸುವ ಮಾತುಗಳನ್ನು ನಾವು ಎದ್ದು ನಿಂತೋ ಕುಳಿತೋ ಕೇಳುತ್ತೇವೆ. ಆ ಸ್ಮರಣೆಯ ಹಿಂದೆ ಇರುವ ಇತಿಹಾಸ ಇದು.

ಈ ತಿಳಿವಳಿಕೆ ಅಲುಗಾಡಲು ನೂರೈವತ್ತಕ್ಕೂ ಹೆಚ್ಚು ವರ್ಷಗಳು ಬೇಕಾದವು. ಟಾರಿಸ್ ಜಲಸಂಧಿಯ ಮೆರ್ ದ್ವೀಪದಲ್ಲಿ ಹುಟ್ಟಿದ ಎಡ್ಡಿ ಕೊಯಿಕಿ ಮಾಬೊ ಟೌನ್ಸ್‌ವಿಲ್‌ನ ವಿಶ್ವವಿದ್ಯಾಲಯವೊಂದರಲ್ಲಿ ತೋಟದ ಮಾಲಿಯಾಗಿದ್ದರು. ಊರಿನಲ್ಲಿರುವ ತಮ್ಮ ಮನೆತನದ ಭೂಮಿಯ ಬಗ್ಗೆ ಅವರು ಇತಿಹಾಸದ ಅಧ್ಯಾಪಕರೊಡನೆ ಮಾತನಾಡುತ್ತಿದ್ದಾಗ, ಕಾನೂನಿನ ದೃಷ್ಟಿಯಲ್ಲಿ ಅದು ಸರ್ಕಾರದ ನೆಲವೆಂಬುದು ಅವರಿಗೆ ತಿಳಿಯಿತು. ಅವರಿಗೆ ನಂಬಲಾಗಲಿಲ್ಲ. ಮೆರ್ ದ್ವೀಪದವರು ತಲೆತಲಾಂತರದಿಂದ ತೋಟ ಮಾಡಿಕೊಂಡು ಬಂದವರು. ಯಾವ ತುಂಡು ಯಾರದು, ಗಡಿ ಎಲ್ಲಿ ಎಂಬುದು ಪ್ರತಿ ಮನೆತನಕ್ಕೂ ಗೊತ್ತಿದ್ದ ಸಂಗತಿ. 1982ರಲ್ಲಿ ಅವರೂ ಸಂಗಡಿಗರೂ ದಾವೆ ಹೂಡಿದರು. 1985ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರವು ಆ ಹಕ್ಕುಗಳನ್ನೇ ಅಳಿಸಿಹಾಕುವ ಕಾಯಿದೆಯೊಂದನ್ನು ತಂದಿತು. ಜನಾಂಗ ತಾರತಮ್ಯ ನಿಷೇಧ ಕಾಯಿದೆಗೆ ಅದು ವಿರುದ್ಧವೆಂದು 1988ರಲ್ಲಿ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ಕೊನೆಗೆ 1992ರ ಜೂನ್ 3ರಂದು, ಏಳು ಮಂದಿ ನ್ಯಾಯಾಧೀಶರಲ್ಲಿ ಆರು ಮಂದಿ, ದ್ವೀಪದ ಜನರ ಪರಂಪರಾಗತ ಹಕ್ಕು ಕಾನೂನಿನ ಹಕ್ಕೇ ಹೌದೆಂದು ತೀರ್ಪಿತ್ತರು. ತೀರ್ಪನ್ನು ಕೇಳಲು ಮಾಬೊ ಇರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಅವರು ತೀರಿಕೊಂಡಿದ್ದರು.

ಈ ತೀರ್ಪಿನ ಸಾರವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಕಡತದಲ್ಲಿ ಇಲ್ಲದ ಮಾತ್ರಕ್ಕೆ ಹಕ್ಕು ಇಲ್ಲವೆಂದಾಗುವುದಿಲ್ಲ, ಪದ್ಧತಿಯೇ ಹಕ್ಕಿನ ಮೂಲವಾಗಬಹುದು, ಹಿರಿಯರ ಬಾಯಿಮಾತು ಸಾಕ್ಷ್ಯವಾಗಬಹುದು. ಆದರೆ ಈ ಹಕ್ಕು ದುರ್ಬಲವೂ ಹೌದು. ಸರ್ಕಾರವು ಒಮ್ಮೆ ಖಾಸಗಿ ಒಡೆತನಕ್ಕೆ ಕೊಟ್ಟ ನೆಲದಲ್ಲಿ ಅದು ಅಳಿದುಹೋಗುತ್ತದೆ. ನಾವು ಸಾಲ ಮಾಡಿ ಕೊಂಡ ಮನೆಗಳು ನಿಂತಿರುವುದು ಅಂತಹ ಅಳಿದುಹೋದ ಹಕ್ಕಿನ ಮೇಲೆಯೇ.

ಇನ್ನು ತಾಯ್ನಾಡಿನ ಕಡೆಗೆ ತಿರುಗೋಣ. ಮೆರ್ ದ್ವೀಪದ ಕಥೆಯನ್ನು ಕೇಳಿದ ಮಲೆನಾಡಿನವರಿಗೆ, ಕರಾವಳಿಯವರಿಗೆ, ಕೊಡಗಿನವರಿಗೆ ಅದು ಪೂರ್ತಿ ಹೊಸದೆನಿಸಲಾರದು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 79ನೆಯ ಕಲಮಿನಲ್ಲಿ ಒಂದು ಸೊಗಸಾದ ಪಟ್ಟಿಯಿದೆ. ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ. ಉತ್ತರ ಕನ್ನಡದ ಬೆಟ್ಟ, ಹಾಡಿ. ಹಳೆಯ ಮೈಸೂರಿನ ಕಾನು, ಸೊಪ್ಪಿನಬೆಟ್ಟ. ಕೊಡಗಿನ ಜಮ್ಮಾ, ಬಾಣೆ. ಇಂತಹ ನೆಲದಲ್ಲಿ ಪದ್ಧತಿಯಿಂದಲೋ ಆದೇಶದಿಂದಲೋ ಅನುಭವಿಸಿಕೊಂಡು ಬಂದ ಸವಲತ್ತುಗಳು ಮುಂದುವರಿಯತಕ್ಕದ್ದು ಎಂದು ಆ ಕಲಮು ಹೇಳುತ್ತದೆ. ಕುಮ್ಕಿ ಎಂದರೆ ಹಳೆಯ ವರ್ಗ ಜಮೀನಿನ ಅಂಚಿನಿಂದ ನೂರು ಗಜದವರೆಗಿನ ಸರ್ಕಾರಿ ನೆಲ. ಅಲ್ಲಿಂದ ಸೊಪ್ಪು, ಸೌದೆ ತರಬಹುದು, ದನ ಮೇಯಿಸಬಹುದು. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟವನ್ನು ಬಿಟ್ಟುಕೊಟ್ಟುದುಂಟು. ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ, ಬೆಟ್ಟವಿಲ್ಲದೆ ತೋಟವಿಲ್ಲ. ಆದರೆ ಕಾಯಿದೆ ಬಳಸಿದ ಪದ 'ಸವಲತ್ತು' ಎಂಬುದನ್ನು ಗಮನಿಸಬೇಕು. ಅನುಭವ ರೈತನದು, ಒಡೆತನ ಸರ್ಕಾರದ್ದು.

ಈ ವ್ಯತ್ಯಾಸ ನಿತ್ಯಜೀವನದಲ್ಲಿ ಕಾಣುವುದಿಲ್ಲ. ಭೂಸ್ವಾಧೀನದ ದಿನ ಕಾಣುತ್ತದೆ.

ನಮ್ಮ ಮನೆಯದೇ ಒಂದು ಪ್ರಸಂಗವನ್ನು ನಿವೇದಿಸುವುದಕ್ಕೆ ಅನುಮತಿ ಬೇಡುತ್ತೇವೆ. ನಾವು ಕಾಲೇಜಿನಲ್ಲಿದ್ದ ಕಾಲದಲ್ಲಿ ಊರಿನ ರಸ್ತೆ ಅಗಲವಾಗಬೇಕಾಯಿತು. ಅಳತೆಯವರು ಬಂದರು. ತೋಟದ ಅಂಚಿನಲ್ಲಿ ಹೋಗಲಿದ್ದ ಅಡಿಕೆ ಮರಗಳನ್ನು ಒಂದೊಂದಾಗಿ ಎಣಿಸಿ ಸುಣ್ಣದಲ್ಲಿ ನಂಬರು ಬರೆದರು. ಎರಡು ಹಲಸಿನ ಮರ, ಒಂದು ಬಾವಿ, ಕಲ್ಲಿನ ಪಾಗಾರ ಎಲ್ಲವೂ ಮಹಜರಿನಲ್ಲಿ ಬಂದವು. ಅಲ್ಲಿಂದ ಮುಂದೆ ರಸ್ತೆ ಬೆಟ್ಟದ ಬಹುಪಾಲನ್ನು ಸೀಳಿಕೊಂಡು ಹೋಗುತ್ತಿತ್ತು. ಅಲ್ಲಿಗೆ ಬಂದಾಗ ಗುಮಾಸ್ತರು ಪುಸ್ತಕವನ್ನು ಮುಚ್ಚಿದರು.

"ಇದೂ ಬರೆದುಕೊಳ್ಳಿ," ಎಂದರು ನಮ್ಮ ಅಜ್ಜ.

"ಇದು ಸರ್ಕಾರದ್ದು ಅಜ್ಜಾ. ಪಹಣಿಯಲ್ಲಿ ನಿಮ್ಮ ಹೆಸರಿಲ್ಲವಲ್ಲ."

"ಹೆಸರಿಲ್ಲ, ಸರಿ. ಇದರ ಸೊಪ್ಪು ನಿಂತರೆ ಆ ತೋಟ ಎಷ್ಟು ವರ್ಷ ಇರುತ್ತದೆ ಅಂತ ನಿಮ್ಮ ಪುಸ್ತಕದಲ್ಲಿ ಬರೆದಿದೆಯೇನಪ್ಪ?"

ಗುಮಾಸ್ತರು ಒಳ್ಳೆಯವರೇ, ನಮ್ಮ ಮನೆಯಲ್ಲಿಯೇ ಊಟ ಮಾಡಿಕೊಂಡು ಹೋದರು. ಅವರ ಪುಸ್ತಕದಲ್ಲಿ ಆ ಪ್ರಶ್ನೆಗೆ ಕಾಲಂ ಇರಲಿಲ್ಲ, ಅಷ್ಟೆ. ಹೋದ ಮರಗಳಿಗೆ ಪರಿಹಾರ ಬಂತು. ಉಳಿದ ತೋಟಕ್ಕೆ ಚಿಕ್ಕಪ್ಪ ಕೆಲವು ವರ್ಷ ಲಾರಿಯಲ್ಲಿ ಗೊಬ್ಬರ ತರಿಸಿದರು; ಆಮೇಲೆ ಅದೂ ಕೈಗೆಟುಕದೆ ತೋಟ ಸೊರಗಿತು.

ಇದು ಒಬ್ಬ ನೌಕರನ ತಪ್ಪಲ್ಲ; ಕಾಯಿದೆಯ ಕಟ್ಟೋಣವೇ ಹಾಗಿತ್ತು. 1894ರ ಭೂಸ್ವಾಧೀನ ಕಾಯಿದೆ ನಮ್ಮಲ್ಲಿ 2013ನೆಯ ವರ್ಷದ ಕೊನೆಯವರೆಗೆ ಜಾರಿಯಲ್ಲಿತ್ತು. ಅದರ 4ನೆಯ ಕಲಮಿನಲ್ಲಿ ಪ್ರಾಥಮಿಕ ಅಧಿಸೂಚನೆ, 6ರಲ್ಲಿ ಘೋಷಣೆ, 9ರಲ್ಲಿ ಹಿತಾಸಕ್ತರಿಗೆ ನೋಟಿಸು, 11ರಲ್ಲಿ ಐತೀರ್ಪು. 16ನೆಯ ಕಲಮಿನ ಪ್ರಕಾರ, ಸ್ವಾಧೀನಕ್ಕೆ ಪಡೆದೊಡನೆ ನೆಲವು ಎಲ್ಲ ಋಣಭಾರಗಳಿಂದ ಮುಕ್ತವಾಗಿ ಸರ್ಕಾರದಲ್ಲಿ ನಿಹಿತವಾಗುತ್ತದೆ. ಇವೆಲ್ಲಕ್ಕಿಂತ ನಮ್ಮನ್ನು ಯೋಚನೆಗೆ ಹಚ್ಚುವುದು 24ನೆಯ ಕಲಮು. ಪರಿಹಾರ ನಿರ್ಧರಿಸುವಾಗ ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂಬ ಪಟ್ಟಿ ಅದು. ನೆಲವನ್ನು ಬಿಟ್ಟುಕೊಡಲು ಒಡೆಯನಿಗೆ ಇರುವ ಮನಸ್ಸಿಲ್ಲದಿಕೆಯನ್ನು ಗಣಿಸತಕ್ಕದ್ದಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಬಲವಂತದ ಸ್ವಾಧೀನವೆಂಬ ಕಾರಣಕ್ಕೆ ಪೇಟೆಬೆಲೆಯ ಮೇಲೆ ಶೇಕಡ 15ರಷ್ಟು ಸೇರಿಸಿ ಕೊಡುತ್ತಿದ್ದರು. 1984ರ ತಿದ್ದುಪಡಿಯಿಂದ ಅದು ಶೇಕಡ 30 ಆಯಿತು. ಮೂರು ತಲೆಮಾರು ಬಾಳಿದವನಿಗೂ ಮೊನ್ನೆ ಕೊಂಡವನಿಗೂ ಅದೇ ದರ.

ಸರ್ಕಾರಕ್ಕೆ ನೆಲವೇ ಬೇಡವೆಂದು ನಾವು ವಾದಿಸುತ್ತಿಲ್ಲ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಮುಗಿಯಿತು. ಅಲ್ಲಿಂದ ಬಂದ ವಿದ್ಯುತ್ತಿನ ಬೆಳಕಿನಲ್ಲಿಯೇ ನಮ್ಮಲ್ಲಿ ಅನೇಕರು ಓದಿ, ಪರೀಕ್ಷೆ ಬರೆದು, ಈ ದೇಶದ ವೀಸಾ ಪಡೆಯುವಷ್ಟಾದೆವು. ಅದೇ ನೀರಿನಡಿ ಹಳ್ಳಿಗಳೂ ತೋಟಗಳೂ ಮುಳುಗಿದವು. ಎಬ್ಬಿಸಲ್ಪಟ್ಟವರನ್ನು ಶಿವಮೊಗ್ಗ ಜಿಲ್ಲೆಯ ಕಾಡುಗಳಲ್ಲಿ ತಂದು ಬಿಟ್ಟರು. ಆರು ದಶಕಗಳು ಕಳೆದರೂ ಅವರ ಮೊಮ್ಮಕ್ಕಳಲ್ಲಿ ಅನೇಕರ ಹಕ್ಕುಪತ್ರದ ಪ್ರಶ್ನೆ ಮುಗಿದಿಲ್ಲ. ಅವರು ನೆಲೆಸಿದ ನೆಲ ಕಡತದಲ್ಲಿ ಇನ್ನೂ ಅರಣ್ಯವೇ. ಒಮ್ಮೆ ನೆಲ ಕೊಟ್ಟವರೇ ಈಗ ಒತ್ತುವರಿದಾರರೆನ್ನಿಸಿಕೊಳ್ಳಬೇಕಾಗಿ ಬಂದಿದೆ. ಬೆಳಕನ್ನು ಪಡೆದ ನಮಗೂ ಇದಕ್ಕೂ ಸಂಬಂಧವಿಲ್ಲವೆನ್ನಲಾದೀತೆ?

ಹಾಗೆಂದು ಪದ್ಧತಿಯನ್ನು ಪೂಜೆಗೆ ಕೂರಿಸುವುದೂ ಬೇಡ. ಕುಮ್ಕಿಯೂ ಸೊಪ್ಪಿನಬೆಟ್ಟವೂ ತೋಟವಿದ್ದವರ ಸವಲತ್ತುಗಳು. ತೋಟದಲ್ಲಿ ದುಡಿದ ದಲಿತ ಸಂಸಾರಕ್ಕೆ ಬೆಟ್ಟದಲ್ಲಿ ಪಾಲಿರಲಿಲ್ಲ. ಕುಮ್ಕಿ ನೆಲವನ್ನು ಭೂಹೀನರಿಗೆ ಹಂಚಬೇಕೆಂಬ ಬೇಡಿಕೆಯಲ್ಲಿಯೂ ನ್ಯಾಯವಿದೆ. ಮೆರ್ ದ್ವೀಪದ ಪ್ರಕರಣದಲ್ಲಿಯೂ ಸಮುದಾಯದ ಹಕ್ಕು ಗೆದ್ದಿತೇ ಹೊರತು, ಮಾಬೊ ತಮ್ಮದೆಂದ ತುಂಡುಗಳ ಬಗ್ಗೆ ಅವರು ಕೊಟ್ಟ ಸಾಕ್ಷ್ಯವನ್ನು ಕೆಳಗಿನ ನ್ಯಾಯಾಲಯ ಒಪ್ಪಿರಲಿಲ್ಲ. ಪದ್ಧತಿಯೊಳಗೂ ಜಗಳವಿದೆ. ಆದರೆ ಆ ಜಗಳವನ್ನು ಬಗೆಹರಿಸುವುದಕ್ಕೂ ಮೊದಲು ಅಲ್ಲಿ ಯಾರು ಯಾರು ಇದ್ದರು ಎಂಬುದು ಬರೆದಿರಬೇಕಷ್ಟೆ. ಗೋಮಾಳದಲ್ಲಿ ಕುರಿ ಮೇಯಿಸುವವನು, ಕೆರೆಯ ಅಂಗಳದಲ್ಲಿ ಜೇಡಿಮಣ್ಣು ತೆಗೆಯುವ ಕುಂಬಾರ, ಕಾನಿನಲ್ಲಿ ಸೀಗೆ ಆರಿಸುವ ಹೆಂಗಸು, ಇವರಾರೂ ಪಹಣಿಯಲ್ಲಿಲ್ಲ.

ಹಾಗಾದರೆ ಕಡತದಲ್ಲಿಲ್ಲದ ನಷ್ಟಕ್ಕೆ ಬೆಲೆ ಕಟ್ಟಲು ಸಾಧ್ಯವೇ? ಈ ದೇಶದ ನ್ಯಾಯಾಲಯ ಇತ್ತೀಚೆಗೆ ಪ್ರಯತ್ನಪಟ್ಟಿದೆ. ಉತ್ತರ ಪ್ರಾಂತ್ಯದ ಟಿಂಬರ್ ಕ್ರೀಕ್ ಎಂಬ ಪುಟ್ಟ ಊರಿನಲ್ಲಿ ಸರ್ಕಾರವು ರಸ್ತೆ, ನೀರಿನ ತೊಟ್ಟಿ ಮುಂತಾದವುಗಳಿಗಾಗಿ ಬಳಸಿಕೊಂಡ ನೆಲದ ಬಗ್ಗೆ ಙಲಿವುರ್ರು ಮತ್ತು ನುಂಗಲಿ ಜನ ಪರಿಹಾರ ಕೇಳಿದರು. ಅವರ ಪುರಾಣದ ಡಿಂಗೊ ನಾಯಿ ನಡೆದ ಪವಿತ್ರ ಹಾದಿಯ ಮೇಲೆಯೇ ತೊಟ್ಟಿಗಳು ಬಂದಿದ್ದವು. 2019ರ ಮಾರ್ಚ್ 13ರಂದು ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪಿನಲ್ಲಿ ನೆಲದ ಆರ್ಥಿಕ ಬೆಲೆ 3,20,250 ಡಾಲರು; ಅದರ ಮೇಲೆ ಬಡ್ಡಿ ಸುಮಾರು 9,10,100. ಇವಲ್ಲದೆ ನೆಲದೊಡನೆ ಇದ್ದ ನಂಟು ಕಡಿದುದಕ್ಕಾಗಿ, ಸಾಂಸ್ಕೃತಿಕ ನಷ್ಟವೆಂದು, 13 ಲಕ್ಷ ಡಾಲರು. ನೆಲದ ಬೆಲೆಗಿಂತ ನಂಟಿನ ಬೆಲೆ ನಾಲ್ಕು ಪಟ್ಟು. ಒಂದು ಚಿತ್ರದಲ್ಲಿ ಅಲ್ಲಲ್ಲಿ ತೂತು ಕೊರೆದರೆ ಹಾನಿಯನ್ನು ತೂತಿನ ಅಳತೆಯಿಂದ ಎಣಿಸಲಾಗದು ಎಂಬ ಅರ್ಥದ ಹೋಲಿಕೆಯೂ ಆ ವಿಚಾರಣೆಯಲ್ಲಿ ಬಂದಿತು. ನಮ್ಮ ಅಜ್ಜ ಬೆಟ್ಟದ ಬಗ್ಗೆ ಕೇಳಿದ ಪ್ರಶ್ನೆ ಅದರಿಂದ ಬಹಳ ದೂರವಿರಲಿಲ್ಲ.

2025ರ ಮಾರ್ಚ್‌ನಲ್ಲಿ ಮತ್ತೊಂದು ತೀರ್ಪು ಬಂತು. ಗೋವ್ ಪರ್ಯಾಯದ್ವೀಪದ ಯೊಲ್ಙು ಜನ 1963ರಲ್ಲಿಯೇ ಮರದ ತೊಗಟೆಯ ಮೇಲೆ ಮನವಿ ಬರೆದು ಗಣಿಗಾರಿಕೆಯನ್ನು ಪ್ರತಿಭಟಿಸಿದ್ದರು. 1971ರಲ್ಲಿ ನ್ಯಾಯಾಲಯದಲ್ಲಿ ಸೋತಿದ್ದರು. ಅವರ ನಾಯಕ ಗಲರ್ರ್ವುಯ್ ಯುನುಪಿಂಗು ಹೂಡಿದ ಹೊಸ ದಾವೆಯಲ್ಲಿ, ಪರಂಪರಾಗತ ಹಕ್ಕೂ ಸಂವಿಧಾನದ ಅರ್ಥದಲ್ಲಿ ಆಸ್ತಿಯೇ, ಅದನ್ನು ಕಸಿದುಕೊಂಡಾಗಲೂ ನ್ಯಾಯಯುತ ಷರತ್ತು ಬೇಕೇ ಬೇಕು ಎಂದು ತೀರ್ಮಾನವಾಯಿತು. ವಿಮಾನನಿಲ್ದಾಣದ ಮಗ್ಗುಲಿನ ಆ ಸಿನೆಮಾ ಸಂಸಾರಕ್ಕೆ ಇದ್ದ ರಕ್ಷಣೆ ಅವರಿಗೂ ದೊರೆಯಿತು. ಯುನುಪಿಂಗು ಅವರು 2023ರಲ್ಲಿಯೇ ಕಣ್ಮುಚ್ಚಿದ್ದರು.

ನಮ್ಮ ದೇಶದಲ್ಲಿಯೂ ಕಾನೂನು ನಿಂತಲ್ಲೇ ನಿಂತಿಲ್ಲ. 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯಿದೆಯಲ್ಲಿ ಬಲವಂತಕ್ಕೆಂದು ಸೇರಿಸುವ ಮೊತ್ತ ಶೇಕಡ 100 ಆಗಿದೆ. ಅದಕ್ಕಿಂತ ಮುಖ್ಯವಾದುದು, ಬಾಧಿತ ಕುಟುಂಬ ಎಂಬ ಮಾತಿನೊಳಗೆ ಪತ್ರವಿಲ್ಲದ ಗೇಣಿದಾರರು, ಕೂಲಿಯವರು, ಕಾಡನ್ನೂ ನೀರನ್ನೂ ನಂಬಿ ಬದುಕುವವರು ಸೇರಿದ್ದಾರೆ. ಸ್ವಾಧೀನಕ್ಕೆ ಮುಂಚೆ ಸಾಮಾಜಿಕ ಪರಿಣಾಮದ ಅಧ್ಯಯನ ನಡೆಯಬೇಕು. ಆದರೆ ಕೆಲವು ಬಗೆಯ ಯೋಜನೆಗಳನ್ನು ಆ ಅಧ್ಯಯನದಿಂದ ಹೊರಗಿಡಲು 2019ರ ಕರ್ನಾಟಕ ತಿದ್ದುಪಡಿ ಅವಕಾಶ ಮಾಡಿದೆ. ಕೊಟ್ಟ ಕೈಯೇ ಹಿಂದೆಗೆದುಕೊಳ್ಳಬಲ್ಲದು. 2006ರ ಅರಣ್ಯ ಹಕ್ಕು ಕಾಯಿದೆಯ ನಿಯಮಗಳಲ್ಲಿ ಸಾಕ್ಷ್ಯಗಳ ಪಟ್ಟಿಯೊಂದಿದೆ. ಸರ್ಕಾರಿ ದಾಖಲೆಗಳ ಜೊತೆಗೆ ಹಳೆಯ ಬಾವಿ, ಸಮಾಧಿ, ದೇವರಬನಗಳ ಗುರುತು, ಮತ್ತು ಹಕ್ಕುದಾರರಲ್ಲದ ಹಿರಿಯರ ಹೇಳಿಕೆ, ಬರಹಕ್ಕಿಳಿಸಿದ್ದು, ಇವೂ ಸಲ್ಲುತ್ತವೆ. ಮೆರ್ ದ್ವೀಪದ ಮುದುಕರು ಸಾಕ್ಷಿಕಟ್ಟೆಯಲ್ಲಿ ನಿಂತು ಮಾಡಿದ ಕೆಲಸವನ್ನೇ ನಮ್ಮ ಊರಿನ ಹಿರಿಯರೂ ಮಾಡಬಹುದೆಂದಾಯಿತು. ಆದರೆ ಹೇಳುವವರು ಬದುಕಿರಬೇಕು. ಬರೆದುಕೊಳ್ಳುವವರು ಹತ್ತಿರ ಇರಬೇಕು.

ಆತ್ಮೀಯರೇ, ಇಲ್ಲಿ ನಮ್ಮ ಪಾಲಿನ ಮಾತು ಬರುತ್ತದೆ. ಬರೆದುಕೊಳ್ಳಬೇಕಾದ ವಯಸ್ಸಿನವರು ಊರು ಬಿಟ್ಟು ಬಂದು ಈ ಸಭಾಂಗಣದಲ್ಲಿ ಕುಳಿತಿದ್ದೇವೆ. ಊರಿನಿಂದ ನಮಗೆ ಬರುವ ಕಾಗದಗಳು ಎರಡೇ ಬಗೆಯವು: ಪಾಲುಪಟ್ಟಿಗೆ ಸಹಿ, ಇಲ್ಲವೇ ಮಾರಾಟದ ಅಧಿಕಾರಪತ್ರಕ್ಕೆ ಸಹಿ. ಎಕರೆಗೆ ಎಷ್ಟು ಎಂದು ನಾವು ಕೇಳುತ್ತೇವೆ. ಆ ನೆಲವನ್ನು ಇನ್ನೂ ಯಾರು ಬಳಸುತ್ತಿದ್ದಾರೆ ಎಂದು ಕೇಳುವುದು ಅಪರೂಪ. ನಿವೇಶನ ಕೊಳ್ಳುವಾಗಲೂ ಅಷ್ಟೇ. ಅಭಿವೃದ್ಧಿ ಪ್ರಾಧಿಕಾರದ ಬಡಾವಣೆಗಳು ಸ್ವಾಧೀನವಾದ ಹೊಲಗಳ ಮೇಲೆಯೇ ಎದ್ದವು. ನಮ್ಮ ಇ.ಸಿ. ಸ್ವಚ್ಛವಾಗಿದೆಯೆಂದರೆ, ಅಲ್ಲಿ ರಾಗಿ ಬೆಳೆದವನ ಋಣವನ್ನು ಕಾಯಿದೆ ಮೊದಲೇ ಅಳಿಸಿ ನಮಗೆ ಕೊಟ್ಟಿದೆ ಎಂದರ್ಥ. ಕಾನೂನಿನಲ್ಲಿ ನಾವು ನಿರ್ದೋಷಿಗಳು. ಋಣಮುಕ್ತರು ಎಂದು ಹೇಳಿಕೊಳ್ಳಲು ಮಾತ್ರ ನಾಲಿಗೆ ತಡೆಯುತ್ತದೆ.

ಆದುದರಿಂದ ಮೂರು ಚಿಕ್ಕ ವಿನಂತಿಗಳೊಡನೆ ಈ ಮಾತನ್ನು ಮುಗಿಸುತ್ತೇವೆ. ಡಿಸೆಂಬರಿನ ರಜೆಯಲ್ಲಿ ಊರಿಗೆ ಹೋದಾಗ, ಮಾಲು, ಮದುವೆಗಳ ನಡುವೆ ಒಂದು ಬೆಳಗ್ಗೆಯನ್ನು ಬಿಡುವು ಮಾಡಿಕೊಂಡು, ಮನೆಯ ಹಿರಿಯರೊಬ್ಬರ ಕೈಹಿಡಿದು ಜಮೀನಿನ ಗಡಿಯನ್ನು ಒಮ್ಮೆ ಸುತ್ತಿ ಬರೋಣ. ನೀರು ಎಲ್ಲಿಂದ ಬರುತ್ತದೆ, ಗಾಡಿಹಾದಿ ಯಾರದು, ಸೊಪ್ಪು ಯಾವ ಬೆಟ್ಟದ್ದು, ಬನದಲ್ಲಿ ಯಾರು ದೀಪ ಹಚ್ಚುತ್ತಾರೆ, ಯಾರ ದನ ಎಲ್ಲಿ ಮೇಯುತ್ತದೆ ಎಂಬುದನ್ನು ಕನ್ನಡದಲ್ಲಿಯೇ ಬರೆದು, ಊರಿನ ಇಬ್ಬರ ಸಹಿ ಹಾಕಿಸಿ ಇಡೋಣ. ಎರಡನೆಯದಾಗಿ, ಮಾರಾಟದ ಕಾಗದಕ್ಕೆ ಸಹಿ ಮಾಡುವ ಮೊದಲು, ಪತ್ರದಲ್ಲಿಲ್ಲದವರಾರಾದರೂ ಆ ನೆಲವನ್ನು ನಂಬಿದ್ದಾರೆಯೇ ಎಂದು ಕೇಳೋಣ. ಮೂರನೆಯದಾಗಿ, ಈ ಊರಿನ ಸಭೆಗಳಲ್ಲಿ ನೆಲದ ಮೂಲ ಒಡೆಯರ ಸ್ಮರಣೆ ನಡೆಯುವಾಗ, ಅವರು ಯಾವ ಜನ, ಅವರ ಹೆಸರೇನು ಎಂಬುದನ್ನು ನಮ್ಮ ಮಕ್ಕಳಿಗೆ ತಿಳಿಸಿಕೊಡೋಣ.

ನಮ್ಮ ಅಜ್ಜನ ಪ್ರಶ್ನೆಯನ್ನು ಆ ದಿನ ಯಾರೂ ಬರೆದುಕೊಳ್ಳಲಿಲ್ಲ. ಪಕ್ಕದಲ್ಲಿ ನಿಂತಿದ್ದ, ಓದುಬರಹ ಬಲ್ಲ ನಾವೂ ಬರೆದುಕೊಳ್ಳಲಿಲ್ಲ. ಇಂದು ತಮ್ಮೆದುರಿಗೆ ಹೇಳಿ ಆ ಋಣದ ಒಂದಂಶವನ್ನಾದರೂ ತೀರಿಸಿದ್ದೇವೆ ಎಂದುಕೊಳ್ಳುತ್ತೇವೆ.